ತಲೆದಿಂಬಿನ ಕೆಳಗಿನ ಮುದ್ದೆ



ಕಳೆದ ಮಳೆಗಾಲದ ಒಂದು ಭಾನುವಾರ. ಪೂಜೆ ಮುಗಿದು ಜನರೆಲ್ಲ ಮನೆಯ ಕಡೆ ಹೊರಟಿದ್ದರು. ನಮ್ಮ ಧರ್ಮಕೇಂದ್ರದ ಒಬ್ಬ ಹೆಣ್ಣುಮಗಳು ಮಾತ್ರ ಜಗಲಿಯ ಮೂಲೆಯಲ್ಲಿ ನಿಂತೇ ಇದ್ದರು. ಉಳಿದವರು ಹೋಗಲಿ ಎಂದು ಕಾಯುತ್ತಿದ್ದಾರೆಂದು ಅರ್ಥವಾಯಿತು. ಹತ್ತಿರ ಹೋಗಿ, “ಏನಮ್ಮ?” ಎಂದೆ. “ಫಾದರ್, ನಮ್ಮತ್ತೆ ನನ್ನ ಮರ್ಯಾದೆ ತೆಗೀತಾ ಇದ್ದಾರೆ” ಎಂದವರೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ವಿಷಯ ಇಷ್ಟೇ. ಅತ್ತೆಗೆ ಎಂಬತ್ತರ ಹತ್ತಿರ. ರಾತ್ರಿ ಊಟಕ್ಕೆ ಕುಳಿತರೆ ಮುದ್ದೆಯಲ್ಲಿ ಅರ್ಧ ಮುರಿದು ಯಾರಿಗೂ ಕಾಣದಂತೆ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ. ಬೆಳಿಗ್ಗೆ ಹಾಸಿಗೆ ಕೊಡವಿದರೆ ಅದು ತಲೆದಿಂಬಿನ ಕೆಳಗೆ ಇರುತ್ತದೆ, ಇರುವೆ ಮುತ್ತಿಕೊಂಡಿರುತ್ತದೆ. “ಮನೇಲಿ ರಾಗಿ ಇದೆ, ಅಕ್ಕಿ ಇದೆ. ಒಂದು ಹೊತ್ತೂ ಅವರಿಗೆ ಕಮ್ಮಿ ಮಾಡಿಲ್ಲ ಫಾದರ್. ನೆಂಟರು ಯಾರಾದ್ರೂ ನೋಡಿದ್ರೆ ಸೊಸೆ ಹೊಟ್ಟೆಗೆ ಹಾಕಲ್ಲ ಅಂದ್ಕೊಳ್ಳಲ್ವಾ?” ಎಂಬುದು ಆಕೆಯ ಸಂಕಟ. ಎಷ್ಟು ಹೇಳಿದರೂ ಅಜ್ಜಿ ಕೇಳುವುದಿಲ್ಲ. ಒಂದು ದಿನ ಜೋರು ಮಾಡಿದಾಗ ಮಗುವಿನಂತೆ ಮೂಲೆ ಸೇರಿ ನಡುಗಿದರಂತೆ.

ಅದೇ ವಾರ ಆ ಮನೆಗೆ ಹೋದೆ. ಅಜ್ಜಿ ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದರು. ನಾನೂ ಕುಳಿತು ನಾಲ್ಕು ಕಾಯಿ ಬಿಡಿಸಿದೆ. ಆ ಮಾತು ಈ ಮಾತು ಆದ ಮೇಲೆ ಮೆಲ್ಲಗೆ ಮುದ್ದೆಯ ವಿಷಯ ಎತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಜ್ಜಿ ಹೇಳಿದ್ದು ಹೀಗೆ: “ಆರು ವರ್ಸಕ್ಕೆ ನಮ್ಮವ್ವ ಹೋದ್ಲು ಸಾಮೇರೇ. ಅಪ್ಪ ನನ್ನ ಬೇರೆ ಊರ ಮನೇಲಿ ದನ ಕಾಯೋಕೆ ಬಿಟ್ಟ. ಕೂಲಿ ಇಲ್ಲ, ಹೊಟ್ಟೆಗೆ ಹಾಕಿದ್ರೆ ಸಾಕು ಅಂತ. ಅವರು ಹಾಕಿದ ದಿನಾನೂ ಉಂಟು, ಹಾಕದ ದಿನಾನೂ ಉಂಟು.” ಆಮೇಲೆ ಕೈಯಲ್ಲಿದ್ದ ಕಾಯಿಯನ್ನೇ ನೋಡುತ್ತಾ, “ಈಗ ಹಸಿವಿಲ್ಲ, ಗೊತ್ತು. ಆದ್ರೂ ರಾತ್ರಿ ಎಚ್ಚರ ಆದಾಗ ಕೈಯಾಡಿಸಿದ್ರೆ ಸಿಗಬೇಕು. ಸಿಕ್ಕಿದ್ರೆ ನಿದ್ದೆ ಬರ್ತದೆ” ಎಂದರು.

ಮನೆಯವರ ಒಪ್ಪಿಗೆ ಪಡೆದು, ಹೆಸರು ಊರು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಆರನೇ ವಯಸ್ಸಿನ ಹಸಿವು ಎಂಬತ್ತನೇ ವಯಸ್ಸಿನ ನಿದ್ದೆಯನ್ನು ಕೆಡಿಸಬಲ್ಲದೇ? ಬಾಲ್ಯದ ಕಷ್ಟ ಬರೀ ನೆನಪಾಗಿ ಉಳಿಯುತ್ತದೆಯೋ, ಇಲ್ಲ ಮೈಯೊಳಗೆ, ಮಿದುಳಿನೊಳಗೆ ಏನಾದರೂ ಗುರುತು ಬಿಡುತ್ತದೆಯೋ? ಈ ಪ್ರಶ್ನೆ ನನ್ನನ್ನು ಕಾಡಿತು. ಓದಿ ತಿಳಿದದ್ದನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇನೆ.

ಸ್ಕಾಟ್ಲೆಂಡಿನ ಹಳೆಯ ಲೆಡ್ಜರುಗಳು

ಇಂಥ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಲ್ಲ. ಮಗುವನ್ನು ಬಾಲ್ಯದಲ್ಲಿ ನೋಡಿದವರು ಅದೇ ಮಗು ಮುದುಕನಾದಾಗ ಮತ್ತೆ ನೋಡಬೇಕು. ಅಷ್ಟು ಕಾಲ ಸಂಶೋಧಕರೇ ಬದುಕಿರುವುದು ಅಪರೂಪ. ಆದರೆ ಸ್ಕಾಟ್ಲೆಂಡಿನಲ್ಲಿ ಒಂದು ಅನುಕೂಲ ತಾನಾಗಿ ಒದಗಿಬಂತು. ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷವಾಗಿತ್ತು. 1947ರ ಜೂನ್ 4ರಂದು ಆ ನಾಡಿನ ಶಾಲೆಗಳಲ್ಲಿ 1936ರಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಒಂದೇ ದಿನ ಒಂದೇ ಪರೀಕ್ಷೆ ನಡೆಯಿತು. 45 ನಿಮಿಷ, 71 ಪ್ರಶ್ನೆ. ಬರೆದವರು 70,000ಕ್ಕೂ ಹೆಚ್ಚು ಮಕ್ಕಳು. ಎಲ್ಲರಿಗೂ ಆಗ ಹನ್ನೊಂದರ ಆಸುಪಾಸಿನ ವಯಸ್ಸು. ಅಂಕಗಳನ್ನು ದೊಡ್ಡ ಲೆಡ್ಜರುಗಳಲ್ಲಿ ಕೈಬರಹದಲ್ಲಿ ಬರೆದಿಟ್ಟರು. ಕಾಲಕ್ರಮೇಣ ಎಲ್ಲರೂ ಅವನ್ನು ಮರೆತರು.

ಐವತ್ತು ವರ್ಷಗಳಾದ ಮೇಲೆ, 1990ರ ದಶಕದ ಕೊನೆಯಲ್ಲಿ, ಲಾರೆನ್ಸ್ ವ್ಯಾಲಿ ಮತ್ತು ಇಯಾನ್ ಡಿಯರಿ ಎಂಬ ಇಬ್ಬರು ಸಂಶೋಧಕರಿಗೆ ಆ ಲೆಡ್ಜರುಗಳ ಬೆಲೆ ಹೊಳೆಯಿತು. ಅಂದು ಪರೀಕ್ಷೆ ಬರೆದ ಮಕ್ಕಳನ್ನು ಹುಡುಕಲು ಶುರು ಮಾಡಿದರು. ಎಡಿನ್‌ಬರೊ ಸುತ್ತಮುತ್ತ 1,091 ಮಂದಿ, ಅಬರ್ಡೀನ್ ನಗರದಲ್ಲಿ ಇನ್ನೂ ಕೆಲವು ನೂರು ಮಂದಿ ಮುಂದೆ ಬಂದರು. ಚಡ್ಡಿ ಹಾಕಿಕೊಂಡು ಪರೀಕ್ಷೆ ಬರೆದಿದ್ದವರು ಈಗ ಪಿಂಚಣಿದಾರರು, ಅಜ್ಜ ಅಜ್ಜಿಯರು.

ಅಬರ್ಡೀನಿನ ತಂಡ ಅವರಲ್ಲಿ 249 ಮಂದಿಯ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ಅಳೆಯಿತು. ಜೊತೆಗೆ ಅವರ ಬಾಲ್ಯದ ಮನೆಯ ವಿಚಾರ ಕೇಳಿತು. ಕೇಳಿದ ಪ್ರಶ್ನೆಗಳು ನಮಗೂ ಅರ್ಥವಾಗುವಂಥವೇ. ನಿಮ್ಮ ತಂದೆಯ ಕೆಲಸ ಏನಿತ್ತು? ಮನೆಯಲ್ಲಿ ಎಷ್ಟು ಕೋಣೆ? ಒಂದು ಕೋಣೆಗೆ ಎಷ್ಟು ಜನ? ಶೌಚಾಲಯ ಸ್ವಂತದ್ದೋ, ವಠಾರದವರೆಲ್ಲ ಹಂಚಿಕೊಳ್ಳುವುದೋ?

ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಬಡತನದಲ್ಲಿ, ಇಕ್ಕಟ್ಟಿನ ಮನೆಯಲ್ಲಿ ಬೆಳೆದವರ ಮಿದುಳಿನ ಒಂದು ಭಾಗ, ಅನುಕೂಲಸ್ಥ ಮನೆಯಲ್ಲಿ ಬೆಳೆದವರಿಗಿಂತ ಸರಾಸರಿಯಲ್ಲಿ ಚಿಕ್ಕದಾಗಿತ್ತು. ಆ ಭಾಗದ ಹೆಸರು ಹಿಪ್ಪೊಕ್ಯಾಂಪಸ್. “ಬಡವರು ಮುಂದೆಯೂ ಬಡವರಾಗೇ ಉಳಿದಿರಬಹುದು, ಕಡಿಮೆ ಓದಿರಬಹುದು, ಅದಕ್ಕೇ ಹೀಗಾಗಿರಬೇಕು” ಎಂದು ನೀವು ಕೇಳಬಹುದು. ಸಂಶೋಧಕರೂ ಅದನ್ನೇ ಯೋಚಿಸಿದರು. ದೊಡ್ಡವರಾದ ಮೇಲಿನ ಸ್ಥಿತಿಗತಿ, ಓದು, ಹನ್ನೊಂದನೇ ವಯಸ್ಸಿನಲ್ಲಿ ಪಡೆದ ಅಂಕ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಮತ್ತೆ ನೋಡಿದರು. ಆಗಲೂ ಸಂಬಂಧ ಉಳಿಯಿತು. ಐವತ್ತು ವರ್ಷಗಳಿಗೂ ಹಿಂದೆ ಹಂಚಿಕೊಂಡ ಕೋಣೆಯ ಇಕ್ಕಟ್ಟು, ಅರವತ್ತು ದಾಟಿದವರ ತಲೆಯೊಳಗೆ ಸಣ್ಣದಾಗಿಯಾದರೂ ಅಳತೆಗೆ ಸಿಗುತ್ತಿತ್ತು.

ಮಿದುಳಿನೊಳಗಿನ ಸಮುದ್ರಕುದುರೆ

ಹಿಪ್ಪೊಕ್ಯಾಂಪಸ್ ಎಂದರೆ ಸಮುದ್ರಕುದುರೆ. ಆಕಾರ ಹಾಗೆ ಬಾಗಿರುವುದರಿಂದ ಆ ಹೆಸರು. ಮಿದುಳಿನ ಎಡಕ್ಕೊಂದು ಬಲಕ್ಕೊಂದು, ಕಿವಿಗಳ ನೇರಕ್ಕೆ ಒಳಗೆ ಅಡಗಿವೆ. ಗಾತ್ರ ಹೆಚ್ಚುಕಡಿಮೆ ನಮ್ಮ ಕಿರುಬೆರಳಿನಷ್ಟು. ಇಂದು ನಡೆದದ್ದನ್ನು ನಾಳೆಗೆ ನೆನಪಾಗಿ ಉಳಿಸುವುದು, ಹೋದ ದಾರಿಯಲ್ಲಿ ಮರಳಿ ಬರುವಂತೆ ಮಾಡುವುದು ಅದರ ಕೆಲಸ. ವಯಸ್ಸಾದಂತೆ ಎಲ್ಲರಲ್ಲೂ ಅದು ವರ್ಷಕ್ಕೆ ಶೇಕಡ ಒಂದೆರಡರಷ್ಟು ಕುಗ್ಗುತ್ತದೆ. ಅಲ್ಜೈಮರ್ ಎಂಬ ಮರೆವಿನ ಕಾಯಿಲೆ ಮೊದಲು ಹಾನಿ ಮಾಡುವ ಭಾಗಗಳಲ್ಲಿಯೂ ಇದೊಂದು. ಮೊದಲೇ ಸ್ವಲ್ಪ ಕಡಿಮೆ ಇದ್ದವರಿಗೆ ಮುಪ್ಪಿನಲ್ಲಿ ಕಳೆದುಕೊಳ್ಳಲು ಉಳಿತಾಯ ಕಡಿಮೆ. ಹಗೇವಿನಲ್ಲಿ ರಾಗಿ ಕಮ್ಮಿ ಇದ್ದ ಮನೆಗೆ ಬರಗಾಲ ಬೇಗ ತಟ್ಟಿದಂತೆ.

ಆದರೆ ಬಡತನವಾಗಲಿ ಭಯವಾಗಲಿ ಮಿದುಳನ್ನು ಮುಟ್ಟುವುದು ಹೇಗೆ? ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂತೆ ಎರಡು ಪುಟ್ಟ ಗ್ರಂಥಿಗಳಿವೆ. ಅಪಾಯ ಕಂಡಾಗ ಅವು ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹಾವು ಕಂಡರೆ ಓಡಲು ಬಲ ಬರಬೇಕಲ್ಲ, ಅದಕ್ಕೆ ಇದು ಬೇಕು. ಅಪಾಯ ಕಳೆದ ಮೇಲೆ ಈ ರಸ ಇಳಿಯಬೇಕು. ಅದನ್ನು ಗುರುತಿಸಿ “ಇನ್ನು ಸಾಕು” ಎಂದು ಸುದ್ದಿ ಕಳಿಸುವುದರಲ್ಲಿ ಹಿಪ್ಪೊಕ್ಯಾಂಪಸ್‌ಗೂ ಪಾಲಿದೆ. ಕಾರ್ಟಿಸಾಲ್‌ನಂಥ ರಸಗಳನ್ನು ಹಿಡಿದುಕೊಳ್ಳುವ ಕೊಂಡಿಗಳು ಅಲ್ಲಿ ತುಂಬ ಇವೆ ಎಂದು ಅಮೆರಿಕದ ಬ್ರೂಸ್ ಮೆಕ್ಯೂಯನ್ 1968ರಲ್ಲಿ ಇಲಿಗಳಲ್ಲಿ ತೋರಿಸಿದರು. ಸಂಜೆಯಾದರೆ ಕುಡಿದು ಬರುವ ಅಪ್ಪ, ನಾಳೆ ಊಟ ಉಂಟೋ ಇಲ್ಲವೋ ಎಂಬ ಚಿಂತೆ, ದಿನವೂ ಬೀಳುವ ಏಟು, ಇವು ಒಮ್ಮೆ ಬಂದು ಹೋಗುವ ಹಾವಲ್ಲ. ಹಾವು ಮನೆಯಲ್ಲೇ ವಾಸ ಮಾಡಿದಂತೆ. ಆಗ ಆ ರಸ ಇಳಿಯುವುದೇ ಕಷ್ಟ.

ಇದರಿಂದ ನರಕೋಶಗಳಿಗೆ ಏನಾಗುತ್ತದೆಂದು ತೋರಿಸಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟ್ಟರ್ಜಿಯವರ ತಂಡ 2002ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟರು. ಆಮೇಲೆ ನೋಡಿದರೆ ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕೊಂಬೆಗಳು ಕುಗ್ಗಿದ್ದವು. ಅದೇ ಹೊತ್ತಿಗೆ ಪಕ್ಕದಲ್ಲಿರುವ, ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗದಲ್ಲಿ ಕೊಂಬೆಗಳು ಚಿಗುರಿ ಬೆಳೆದಿದ್ದವು. ಅಮಿಗ್ಡಲಾ ಎಂದರೆ ಭಯದ ಕಾವಲುಗಾರ. ನೆನಪಿನ ಮರ ಒಣಗಿತು, ಭಯದ ಮರ ಹಬ್ಬಿತು ಎಂದು ಸುಲಭವಾಗಿ ಹೇಳಬಹುದು.

2004ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಲಿಗಳಿಗೆ 21 ದಿನ ಯಾವ ಕಾಟವೂ ಇಲ್ಲದೆ ವಿರಾಮ ಕೊಟ್ಟರು. ನೆನಪಿನ ಮರ ಮತ್ತೆ ಚಿಗುರಿತು. ಭಯದ ಮರ ಮಾತ್ರ ಹಬ್ಬಿದಂತೆಯೇ ಇತ್ತು. ಇದನ್ನು ಓದಿದಾಗ ನನಗೆ ಅಜ್ಜಿಯ ಮಾತು ನೆನಪಾಯಿತು. “ಈಗ ಹಸಿವಿಲ್ಲ, ಗೊತ್ತು. ಆದ್ರೂ ಕೈಗೆ ಸಿಗಬೇಕು.” ಇಲಿಯೇ ಬೇರೆ, ಮನುಷ್ಯರೇ ಬೇರೆ. ಹತ್ತು ದಿನವೇ ಬೇರೆ, ಹತ್ತು ವರ್ಷವೇ ಬೇರೆ. ಆದರೂ ತಿಳಿದಿದ್ದೂ ತಿಳಿದಿದ್ದೂ ಬಿಡದ ಭಯವನ್ನು ಅರ್ಥಮಾಡಿಕೊಳ್ಳಲು ಅದು ನನಗೆ ಸಹಾಯ ಮಾಡಿತು.

ತಿಂಗಳುಗಳ ಲೆಕ್ಕ

ಅಬರ್ಡೀನಿನಲ್ಲಿ ಕಂಡದ್ದು ಸಂಬಂಧ ಮಾತ್ರ. ಬಾಲ್ಯದ ಕಷ್ಟವೇ ಕಾರಣ ಎಂದು ಅದರಿಂದಲೇ ಅಡಿಗೆರೆ ಹಾಕಿ ಹೇಳಲು ಬರುವುದಿಲ್ಲ. ಹೆಚ್ಚು ಗಟ್ಟಿಯಾದ ಸಾಕ್ಷಿ ರೊಮೇನಿಯ ದೇಶದ ಮಕ್ಕಳಿಂದ ಬಂದಿದೆ. 1989ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ವಾಧಿಕಾರಿ ಚೌಶೆಸ್ಕು ಪತನವಾದಾಗ ಆ ದೇಶದ ಸರ್ಕಾರಿ ಅನಾಥಾಲಯಗಳ ಸ್ಥಿತಿ ಹೊರಗೆ ಬಂತು. ಸಾಲುಸಾಲು ಕಬ್ಬಿಣದ ತೊಟ್ಟಿಲುಗಳು, ಎತ್ತಿಕೊಳ್ಳುವವರಿಲ್ಲ, ಮಾತಾಡಿಸುವವರಿಲ್ಲ. ಅವರಲ್ಲಿ ಹಲವು ಮಕ್ಕಳನ್ನು ಇಂಗ್ಲೆಂಡಿನ ಕುಟುಂಬಗಳು ದತ್ತು ತೆಗೆದುಕೊಂಡವು. ಮೈಕೆಲ್ ರಟರ್ ಎಂಬ ಮನೋವೈದ್ಯರು ಅಂದಿನಿಂದ ಆ ಮಕ್ಕಳ ಬೆಳವಣಿಗೆಯನ್ನು ಗಮನಿಸಲು ಏರ್ಪಾಡು ಮಾಡಿದರು.

ಆ ಮಕ್ಕಳಲ್ಲಿ 67 ಮಂದಿಯ ಮಿದುಳನ್ನು ಅವರ 23ರಿಂದ 28ರ ವಯಸ್ಸಿನಲ್ಲಿ ಅಳೆದು 2020ರಲ್ಲಿ ವರದಿ ಪ್ರಕಟಿಸಲಾಯಿತು. ಅವರು ಅನಾಥಾಲಯದಲ್ಲಿ ಕಳೆದದ್ದು 3ರಿಂದ 41 ತಿಂಗಳು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಪ್ರೀತಿಯ ಮನೆಗಳಲ್ಲಿ ಬೆಳೆದಿದ್ದರು. ಆದರೂ ಇಂಗ್ಲೆಂಡಿನಲ್ಲೇ ಹುಟ್ಟಿ ದತ್ತು ಹೋದವರಿಗಿಂತ ಅವರ ಮಿದುಳಿನ ಗಾತ್ರ ಸರಾಸರಿ ಶೇಕಡ 8.6ರಷ್ಟು ಚಿಕ್ಕದಿತ್ತು. ಅನಾಥಾಲಯದಲ್ಲಿ ಕಳೆದ ಒಂದೊಂದು ತಿಂಗಳು ಹೆಚ್ಚಿದಂತೆ ಮಿದುಳಿನ ಗಾತ್ರ ಸುಮಾರು 3 ಘನ ಸೆಂಟಿಮೀಟರ್ ಕಡಿಮೆಯಾಗುತ್ತಾ ಹೋಗಿತ್ತು. ಇವರಿನ್ನೂ ಮುದುಕರಾಗಿಲ್ಲ. ಆದರೆ ಎಳೆಯ ವಯಸ್ಸಿನ ಒಂದು ತಿಂಗಳಿಗೂ ತೂಕವಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿಯನ್ನು ನಾನು ಓದಿಲ್ಲ.

ಕಷ್ಟವೆಂದರೆ ಬಡತನ, ಅನಾಥತನ ಮಾತ್ರವಲ್ಲ. ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು ಸ್ಯಾನ್ ಡಿಯೇಗೊ ನಗರದ 9,508 ವಯಸ್ಕರನ್ನು ಬಾಲ್ಯದ ಬಗ್ಗೆ ಕೇಳಿ 1998ರಲ್ಲಿ ವರದಿ ಬರೆದರು. ಮನೆಯಲ್ಲಿ ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಗೆ ಬೀಳುವ ಏಟು, ಕುಡಿತ, ಮನೋರೋಗ, ಜೈಲು ಕಂಡ ಹಿರಿಯರು ಹೀಗೆ ಪಟ್ಟಿ ಮಾಡಿದ್ದರು. ಅವರಲ್ಲಿ ಹೆಚ್ಚಿನವರು ಚೆನ್ನಾಗಿ ಓದಿದವರು, ಅನುಕೂಲಸ್ಥರು. ಆದರೂ ಅರ್ಧಕ್ಕಿಂತ ಹೆಚ್ಚು ಜನ ಕನಿಷ್ಠ ಒಂದಕ್ಕಾದರೂ “ಹೌದು” ಎಂದರು. ಗೋಡೆಗೆ ಒಳ್ಳೆಯ ಬಣ್ಣ ಬಳಿದ ಮನೆಯೊಳಗೂ ಮಗು ನಡುಗುತ್ತಿರಬಹುದು.

ಇದು ಹಣೆಬರಹವಲ್ಲ

ಇಲ್ಲಿಯವರೆಗೆ ಓದಿದ ಕೆಲವರಿಗೆ ಎದೆ ಭಾರವಾಗಿರಬಹುದು. “ಹಾಗಾದರೆ ನನ್ನ ಮಿದುಳು ಚಿಕ್ಕದೇ? ನನಗೆ ಮರೆವು ಬರುವುದು ಖಚಿತವೇ?” ದಯವಿಟ್ಟು ಹಾಗೆ ತಿಳಿಯಬೇಡಿ. ಮೂರು ಮಾತುಗಳನ್ನು ನೆನಪಿಡಿ.

ಮೊದಲನೆಯದು, ಇವೆಲ್ಲ ಸರಾಸರಿಯ ಲೆಕ್ಕ. ನೂರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ವ್ಯತ್ಯಾಸ. ಒಬ್ಬ ವ್ಯಕ್ತಿಯ ಸ್ಕ್ಯಾನ್ ಹಿಡಿದು “ಇವರ ಬಾಲ್ಯ ಹೀಗಿತ್ತು” ಎಂದು ಯಾರೂ ಹೇಳಲಾರರು. ಬಾಲ್ಯ ಕೇಳಿ “ಇವರ ಮುಪ್ಪು ಹೀಗಿರುತ್ತದೆ” ಎಂದೂ ಹೇಳಲಾರರು. ಕಡು ಕಷ್ಟದಲ್ಲಿ ಬೆಳೆದು ತೊಂಬತ್ತರಲ್ಲೂ ಮೊಮ್ಮಕ್ಕಳ ಹುಟ್ಟುಹಬ್ಬಗಳನ್ನೆಲ್ಲ ತಪ್ಪದೆ ಹೇಳುವವರು ನಮ್ಮ ನಡುವೆಯೇ ಇದ್ದಾರೆ.

ಎರಡನೆಯದು, ಆಸರೆ ಸಿಕ್ಕರೆ ದಾರಿ ಬದಲಾಗುತ್ತದೆ. ಕೆನಡದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಎಂಬವರು 1997ರಲ್ಲಿ ಒಂದು ವಿಷಯ ತೋರಿಸಿದರು. ಮರಿಗಳನ್ನು ಚೆನ್ನಾಗಿ ನೆಕ್ಕಿ ಸಲಹುವ ತಾಯಿ ಇಲಿಯ ಮರಿಗಳು ದೊಡ್ಡವಾದ ಮೇಲೆ ಒತ್ತಡವನ್ನು ಸಮಾಧಾನವಾಗಿ ಎದುರಿಸುತ್ತವೆ. ಅಷ್ಟಾಗಿ ನೆಕ್ಕದ ತಾಯಿಗೆ ಹುಟ್ಟಿದ ಮರಿಯನ್ನು ಅಂಥ ತಾಯಿಯ ಬಳಿ ಬಿಟ್ಟರೆ ಅದೂ ಸಮಾಧಾನದಿಂದ ಬೆಳೆಯುತ್ತದೆ ಎಂದು ಮುಂದೆ ಗೊತ್ತಾಯಿತು. ಹೆತ್ತವಳೇ ಆಗಬೇಕೆಂದಿಲ್ಲ. ಅಜ್ಜಿಯಾಗಲಿ, ಚಿಕ್ಕಮ್ಮನಾಗಲಿ, ಪಕ್ಕದ ಮನೆಯ ಅಕ್ಕನಾಗಲಿ, ಶಾಲೆಯ ಟೀಚರ್ ಆಗಲಿ, ಮಗುವಿಗೆ ಓಡಿಹೋಗಲು ಒಂದು ಮಡಿಲು ಬೇಕು.

ಮೂರನೆಯದು, ಮುಪ್ಪಿನಲ್ಲೂ ಮಾಡಲು ಕೆಲಸವಿದೆ. ಅಮೆರಿಕದಲ್ಲಿ 55ರಿಂದ 80 ವರ್ಷದ 120 ಮಂದಿಯ ಮೇಲೆ ನಡೆದ ಒಂದು ಪ್ರಯೋಗದ ವರದಿ 2011ರಲ್ಲಿ ಬಂತು. ಅರ್ಧ ಜನ ವಾರಕ್ಕೆ ಮೂರು ದಿನ 40 ನಿಮಿಷ ಚುರುಕಾಗಿ ನಡೆದರು. ಉಳಿದವರು ಮೈ ಬಗ್ಗಿಸುವ ಸಣ್ಣಪುಟ್ಟ ವ್ಯಾಯಾಮ ಮಾಡಿದರು. ಒಂದು ವರ್ಷದಲ್ಲಿ ನಡೆದವರ ಹಿಪ್ಪೊಕ್ಯಾಂಪಸ್ ಶೇಕಡ 2ರಷ್ಟು ಬೆಳೆದಿತ್ತು, ಉಳಿದವರದು ಕುಗ್ಗಿತ್ತು. ಆಮೇಲೆ ನಡೆದ ಎಲ್ಲ ಪ್ರಯೋಗಗಳಲ್ಲೂ ಇಷ್ಟೇ ಲಾಭ ಕಂಡಿಲ್ಲ, ನಿಜ. ಆದರೆ ನಡಿಗೆಯಿಂದ ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಒಳ್ಳೆಯದಾಗುವುದಂತೂ ಖಂಡಿತ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ, ಬದಲಾಯಿಸಲು ಸಾಧ್ಯವಿರುವ 14 ಕಾರಣಗಳನ್ನು ಪಟ್ಟಿ ಮಾಡಿತು. ಅವೆಲ್ಲವನ್ನೂ ಸರಿಪಡಿಸಿದರೆ ಮರೆವಿನ ಕಾಯಿಲೆಯಲ್ಲಿ ಸುಮಾರು ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಬಾಲ್ಯದಲ್ಲಿ ಓದು ಸಿಗದಿರುವುದು ಆ ಪಟ್ಟಿಯಲ್ಲಿದೆ. ಅದರ ಜೊತೆಗೇ ಕಿವಿ ಕೇಳದಿರುವುದು, ಕಣ್ಣು ಮಂಜಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಬತ್ತಿ, ಕುಡಿತ, ಖಿನ್ನತೆ, ಒಂಟಿತನ ಇವೂ ಇವೆ. ಕಳೆದ ಬಾಲ್ಯವನ್ನು ತಿದ್ದಲು ಆಗದು. ಕಣ್ಣಿನ ಪೊರೆ ತೆಗೆಸಲು ಆಗುತ್ತದೆ. ಅಜ್ಜನ ಜೊತೆ ಸಂಜೆ ಅರ್ಧ ಗಂಟೆ ಕುಳಿತು ಮಾತಾಡಲು ಖಂಡಿತ ಆಗುತ್ತದೆ.

ನಮ್ಮ ಕಡೆಯ ಲೆಡ್ಜರು

ಇದೆಲ್ಲ ಹೊರದೇಶದ ಮಾತಾಯಿತು ಎನ್ನಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೇ, ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆಗಳಿವೆ. ಹೆರಿಗೆ ಕೋಣೆಯಲ್ಲಿ ಅದನ್ನು ಬರೆದವರಿಗೆ ಮುಂದೆ ಯಾರು ಓದುತ್ತಾರೆಂದು ಗೊತ್ತಿರಲಾರದು. ಅಂದು ಹುಟ್ಟಿದವರನ್ನು ಹುಡುಕಿ, ಅವರ ಮುಪ್ಪಿನ ನೆನಪಿನ ಶಕ್ತಿ ಮತ್ತು ಆರೋಗ್ಯವನ್ನು ಪರೀಕ್ಷಿಸುವ ‘ಮೈನಾ’ ಎಂಬ ಅಧ್ಯಯನ ಆ ದಾಖಲೆಗಳ ಮೇಲೆ ನಿಂತಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯ ಮಿದುಳಿನ ಆರೋಗ್ಯವನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿಯ ಕೆಲಸವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೈಗೊಂಡಿದೆ. ರಾಗಿ ಬೆಳೆದು ಬದುಕಿದ ಜನರ ಮುಪ್ಪಿನ ಕಥೆಯೂ ಹೀಗೆ ಬರೆಯಲ್ಪಡುತ್ತಿದೆ.

ನನ್ನ ಪಾಲಿನ ತಪ್ಪು

ಇದನ್ನು ಬರೆಯುವಾಗ ನನ್ನದೇ ಒಂದು ನೆನಪು ಚುಚ್ಚುತ್ತಿದೆ. ಗುರುದೀಕ್ಷೆಯಾದ ಹೊಸತರಲ್ಲಿ ಹುಡುಗರ ಹಾಸ್ಟೆಲೊಂದರ ಹೊಣೆ ನನಗಿತ್ತು. ಒಬ್ಬ ಹುಡುಗ ಅಡುಗೆಮನೆಯಿಂದ ಬೆಲ್ಲ ಕದ್ದ. ಶಿಸ್ತು ಕಲಿಸಬೇಕೆಂದು ಆ ರಾತ್ರಿ ಅವನಿಗೆ ಊಟ ಬೇಡ ಎಂದೆ, ಉಳಿದವರು ಉಣ್ಣುವಾಗ ಬಾಗಿಲ ಹೊರಗೆ ನಿಲ್ಲಿಸಿದೆ. ಅವನ ಮನೆಯ ಪರಿಸ್ಥಿತಿ ಏನು, ಯಾಕೆ ಕದ್ದ ಎಂದು ಕೇಳಲಿಲ್ಲ. ಗುರುಮಠದಲ್ಲಿ ಹತ್ತು ವರ್ಷ ಓದಿದ ನನಗೆ ಆ ಒಂದು ಪ್ರಶ್ನೆ ಹೊಳೆಯಲಿಲ್ಲ. ಅಜ್ಜಿಯ ಮುದ್ದೆಯ ಕಥೆ ಕೇಳಿದ ದಿನ ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ಅವನೂ ರಾತ್ರಿ ಕೈಯಾಡಿಸುವವನೇ ಆಗಿದ್ದನೇನೋ. ಹಳೆಯ ವಿದ್ಯಾರ್ಥಿಗಳ ಮೂಲಕ ಅವನ ಫೋನ್ ನಂಬರ್ ಹುಡುಕಿ ಮಾತಾಡಿದೆ. ಕ್ಷಮೆ ಕೇಳಿದೆ. “ಮರೆತುಬಿಡಿ ಫಾದರ್” ಎಂದ. ಸ್ವಲ್ಪ ತಡೆದು, “ನಾನು ಮರೆತಿಲ್ಲ, ಆದ್ರೆ ನೀವು ಮರೀಬಹುದು” ಎಂದು ನಕ್ಕ. ಆ ನಗು ನನಗಿನ್ನೂ ಅರಗಿಲ್ಲ.

ಆದ್ದರಿಂದ ತಂದೆತಾಯಿಗಳಲ್ಲಿ ನನ್ನ ವಿನಂತಿ. ಶಿಸ್ತು ಬೇಕು. ಆದರೆ ಊಟವನ್ನು ಶಿಕ್ಷೆಯ ಆಯುಧ ಮಾಡಬೇಡಿ. ಕತ್ತಲ ಕೋಣೆಗೆ ತಳ್ಳಬೇಡಿ. “ನಿನ್ನನ್ನು ಹಾಸ್ಟೆಲಿಗೆ ಬಿಟ್ಟುಬಿಡುತ್ತೇನೆ” ಎಂದು ಹೆದರಿಸಬೇಡಿ. ಗಂಡಹೆಂಡಿರ ಜಗಳ ಮಕ್ಕಳ ಮುಂದೆ ನಡೆದುಹೋದರೆ, ರಾಜಿಯಾದದ್ದೂ ಅವರ ಮುಂದೆಯೇ ಕಾಣಲಿ. ಒಮ್ಮೆ ಕೋಪದಲ್ಲಿ ಕೂಗಿದ ಮಾತ್ರಕ್ಕೆ ಮಗುವಿನ ಮಿದುಳು ಹಾಳಾಗುವುದಿಲ್ಲ, ಗಾಬರಿಪಡಬೇಡಿ. ದಿನದಿನವೂ ನಡೆದು, ಸಂತೈಸುವವರೇ ಇಲ್ಲದಾಗ ಕೆಡುತ್ತದೆ. ಪಕ್ಕದ ಮನೆಯಲ್ಲಿ ಮಗು ಹಿಂಸೆ ಅನುಭವಿಸುತ್ತಿದ್ದರೆ ನಮಗೇಕೆ ಎಂದು ಸುಮ್ಮನಿರಬೇಡಿ. 1098ಕ್ಕೆ ಕರೆ ಮಾಡಿದರೆ ಹಣ ತಗಲುವುದಿಲ್ಲ.

ಹಿರಿಯರಿರುವ ಮನೆಗಳಿಗೆ ಇನ್ನೊಂದು ಮಾತು. ಅವರ ವಿಚಿತ್ರ ಹಟಗಳ ಹಿಂದೆ ಒಂದು ಮಗು ಇರಬಹುದು. ಚಿಲ್ಲರೆ ಕಾಸನ್ನು ಗಂಟು ಕಟ್ಟುವುದು, ಬಾಗಿಲನ್ನು ಮೂರು ಸಲ ನೋಡುವುದು, ಹಳಸಿದ್ದನ್ನೂ ಎಸೆಯಲು ಬಿಡದಿರುವುದು, ಸದ್ದಿಗೆ ಬೆಚ್ಚುವುದು. ಬೈಯುವ ಮೊದಲು “ಸಣ್ಣವರಿದ್ದಾಗ ಹೇಗಿತ್ತು?” ಎಂದು ಒಮ್ಮೆ ಕೇಳಿ. ಹೇಳಲು ಇಷ್ಟವಿಲ್ಲದಿದ್ದರೆ ಕೆದಕಬೇಡಿ. ಹಾಗೆಂದು ಎಲ್ಲವನ್ನೂ ಬಾಲ್ಯದ ತಲೆಗೆ ಕಟ್ಟಿ ಸುಮ್ಮನಾಗಲೂಬಾರದು. ವಸ್ತುಗಳನ್ನು ಬಚ್ಚಿಡುವುದು, ಗೊತ್ತಿದ್ದ ದಾರಿ ತಪ್ಪುವುದು, ಒಂದೇ ಮಾತನ್ನು ಮತ್ತೆ ಮತ್ತೆ ಕೇಳುವುದು ಇತ್ತೀಚೆಗೆ ಶುರುವಾಗಿದ್ದರೆ ಅದು ಮರೆವಿನ ಕಾಯಿಲೆಯ ಲಕ್ಷಣವೂ ಆಗಿರಬಹುದು. ವೈದ್ಯರಿಗೆ ತೋರಿಸಿ. ಹಿರಿಯರ ಸಹಾಯವಾಣಿ 14567 ಇದೆ.

ಕೊನೆಗೆ, ಆ ಅಜ್ಜಿಯ ಸಂಗತಿ. ಸೊಸೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ನೆನಪಿನ ಪರೀಕ್ಷೆಯಲ್ಲಿ ವಯಸ್ಸಿಗೆ ತಕ್ಕಂತೆ ಇದ್ದಾರೆ ಎಂದರಂತೆ. ಒಂದು ಕಣ್ಣಿಗೆ ಪೊರೆ ಬಂದಿತ್ತು, ಶಸ್ತ್ರಚಿಕಿತ್ಸೆಯಾಗಿದೆ. ಮುದ್ದೆಯ ವಿಷಯಕ್ಕೆ ಸೊಸೆಯೇ ಒಂದು ಉಪಾಯ ಹುಡುಕಿದರು. ಸಂತೆಯಿಂದ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿ ತಂದು, ದಿನಾ ರಾತ್ರಿ ಅದರಲ್ಲಿ ಹುರಿಗಡಲೆ, ಒಂದು ಚೂರು ಬೆಲ್ಲ ಹಾಕಿ ಅತ್ತೆಯ ತಲೆದಿಂಬಿನ ಪಕ್ಕ ಇಡುತ್ತಾರೆ. ಈಗ ಇರುವೆಯ ಕಾಟವಿಲ್ಲ, ಮುದ್ದೆಯೂ ಪೂರ್ತಿ ಹೊಟ್ಟೆ ಸೇರುತ್ತದೆ.

ಮೊನ್ನೆ ಹೋದಾಗ ಸೊಸೆಯನ್ನು ಕೇಳಿದೆ, “ಡಬ್ಬಿ ಖಾಲಿಯಾಗುತ್ತದೆಯೇ ಅಮ್ಮ?” ಎಂದು. “ಇಲ್ಲ ಫಾದರ್, ಹೆಚ್ಚಿನ ದಿನ ಹಾಗೇ ಇರ್ತದೆ. ರಾತ್ರಿ ಒಂದು ಸಲ ಮುಚ್ಚಳ ತೆಗೆದು ನೋಡಿ ಮಲಗ್ತಾರೆ. ನನಗೆ ಆ ಸದ್ದು ಕೇಳಿದ್ರೆ ಸಮಾಧಾನ” ಎಂದರು.

ನಿಮ್ಮ ಮನೆಯ ಹಿರಿಯರಿಗೆ ಇಂಥ ಡಬ್ಬಿ ಯಾವುದು? ಈ ವಾರ ಊಟಕ್ಕೆ ಕುಳಿತಾಗ ಮನೆಮಂದಿಯೆಲ್ಲ ಸೇರಿ ಯೋಚಿಸಿ ನೋಡಿ.